ಲೀಡ್ ರೈಡರ್ ಹೋದ ಮೇಲೆ

ದೀಪಾವಳಿ ಮುಗಿಯಿತೆಂದರೆ ನಮ್ಮ ಶಿಕಾರಿಪುರ, ಸೊರಬದ ಕಡೆ ಹುಡುಗರ ಮಾತೆಲ್ಲ ಹೋರಿ ಹಬ್ಬದ್ದೇ. ಯಾವ ಊರಿನ ಹೋರಿ ಯಾರ ಕೈಗೂ ಸಿಗದೆ ಓಡಿತು, ಯಾವುದರ ಕೊರಳಿನ ಕೊಬ್ಬರಿ ಹಾರ ಕಿತ್ತರು ಎಂದು ಬಸ್ ಸ್ಟ್ಯಾಂಡಿನಲ್ಲೂ ಚರ್ಚೆ, ಕಾಲೇಜಿನ ಕಾರಿಡಾರಿನಲ್ಲೂ ಚರ್ಚೆ. ಈ ಸಲ ನಮ್ಮ ಗುಂಪಿನಲ್ಲಿ ಇನ್ನೊಂದು ಹೋರಿಯ ಮಾತೂ ಸೇರಿಕೊಂಡಿತ್ತು. ಅದು ಬೆಂಗಳೂರು ಬುಲ್ಸ್.

ಪ್ರೊ ಕಬಡ್ಡಿ ಲೀಗಿನ 12ನೇ ಆವೃತ್ತಿ ಅಕ್ಟೋಬರ್ 31ರಂದು ಮುಗಿಯಿತು. ಪುಣೇರಿ ಪಲ್ಟನ್ ತಂಡವನ್ನು 31–28ರಿಂದ ಸೋಲಿಸಿ ದಬಾಂಗ್ ಡೆಲ್ಲಿ ಕಪ್ ಎತ್ತಿತು. ಹಿಂದಿನ ವರ್ಷ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಪಟ್ಟಿಯ ತಳದಲ್ಲಿದ್ದ ಬುಲ್ಸ್ ಈ ಸಲ ಪ್ಲೇ ಆಫ್‌ವರೆಗೆ ಬಂತು, ಆದರೆ ಫೈನಲ್ ತಲುಪಲಿಲ್ಲ. ಈಗ ಆಟವಿಲ್ಲ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಮುಂದಿನ ಹರಾಜಿನಲ್ಲಿ ಯಾರ ಮೇಲೆ ಹಣ ಸುರಿಯಬೇಕು ಎಂಬ ಲೆಕ್ಕಾಚಾರದ ಕಾಲವಿದು. ನಮ್ಮ ಗುಂಪಿನಲ್ಲಿ ಎಲ್ಲರದ್ದೂ ಒಂದೇ ರಾಗ: ‘ಪವನ್ ಸೆಹ್ರಾವತ್ ತರಹದ ಒಬ್ಬ ಲೀಡ್ ರೈಡರ್ ಬೇಕು. ಒಬ್ಬ ಸಿಕ್ಕರೆ ಸಾಕು.’

ಅದೇ ವಾರ ನಮ್ಮೂರ ತಂಡದ ಲೀಡ್ ರೈಡರ್‌ಗೆ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಸಿಕ್ಕಿತು. ‘ಹಬ್ಬಕ್ಕೆ ಬರ್ತೀನಿ ಕಣೋ, ಟೂರ್ನಮೆಂಟಿಗೆ ರಜೆ ಕೊಡಲ್ಲ’ ಎಂದು ಹೇಳಿ ಅಣ್ಣ ಬಸ್ ಹತ್ತಿದ. ಗದ್ದೆ ಕೊಯ್ಲು ಮುಗಿದರೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಶುರು. ಬುಲ್ಸ್‌ಗೆ ಇರುವ ಪ್ರಶ್ನೆಯೇ ನಮಗೂ ಬಂತು: ಇನ್ನು ರೈಡ್ ಮಾಡುವವರು ಯಾರು?

ಕಬಡ್ಡಿ ಅಷ್ಟಾಗಿ ನೋಡದವರಿಗೆ ಒಂದು ಮಾತು. ಒಂದು ರೈಡ್‌ಗೆ ಇರುವುದು 30 ಸೆಕೆಂಡ್. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’, ಅಂಕ ತರಲೇಬೇಕು, ಇಲ್ಲವಾದರೆ ಔಟ್. ಇಂಥ ಹೊತ್ತಿನಲ್ಲೆಲ್ಲ ತಂಡ ಯಾರ ಮುಖ ನೋಡುತ್ತದೋ ಅವನೇ ಲೀಡ್ ರೈಡರ್. ಆದರೆ ಅವನೇ ಸಿಕ್ಕಿಬಿದ್ದರೆ? ಉಳಿದವರು ಎದುರಾಳಿಯನ್ನು ಔಟ್ ಮಾಡುವವರೆಗೆ ಅವನು ಹೊರಗೆ ಕೂರಬೇಕು. ಬೋನಸ್ ಅಂಕಕ್ಕೆ ಅವನು ಒಳಗೆ ಬರುವುದಿಲ್ಲ. ಅಂದರೆ ಲೀಡ್ ರೈಡರ್ ಎಷ್ಟು ನಿಮಿಷ ಆಡುತ್ತಾನೆ ಎನ್ನುವುದು ಅವನ ಕೈಯಲ್ಲಿಲ್ಲ. ಅದು ಎರಡನೇ ರೈಡರ್, ಮೂರನೇ ರೈಡರ್ ಮತ್ತು ಕಾರ್ನರ್‌ನಲ್ಲಿ ನಿಂತವನ ಕೈಯಲ್ಲಿದೆ. ನಾವು ಮರೆಯುವುದು ಇದನ್ನೇ.

ಪವನ್ ಅವರ ಅಂಕಿಗಳನ್ನೇ ನೋಡಿ. ಬುಲ್ಸ್ ಕಪ್ ಗೆದ್ದದ್ದು ಒಂದೇ ಸಲ, 6ನೇ ಆವೃತ್ತಿಯಲ್ಲಿ. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿದ ಫೈನಲ್‌ನಲ್ಲಿ ಪವನ್ ಒಬ್ಬರೇ 22 ಅಂಕ ತಂದರು. ಆ ಆವೃತ್ತಿಯಲ್ಲಿ ಅವರ ರೈಡ್ ಅಂಕ 271. ಮುಂದಿನ ಆವೃತ್ತಿಯಲ್ಲಿ ಅದು 346ಕ್ಕೆ ಏರಿತು. ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ಅಂಕ ತಂದದ್ದೂ ಆಗಲೇ. ಆದರೆ ಬುಲ್ಸ್ ಸೆಮಿಫೈನಲ್‌ನಲ್ಲಿ ಸೋತಿತು. 8ನೇ ಆವೃತ್ತಿಯಲ್ಲಿ 304 ಅಂಕ, ಮತ್ತೆ ಸೆಮಿಫೈನಲ್ ಸೋಲು. ಒಬ್ಬನ ಅಂಕ ಹೆಚ್ಚಿತು, ಕಪ್ ದೂರವಾಯಿತು. ಗೆದ್ದ ವರ್ಷ ಅವರ ಪಕ್ಕದಲ್ಲಿ ನಾಯಕ ರೋಹಿತ್ ಕುಮಾರ್ ಕೂಡ ರೈಡ್ ಮಾಡುತ್ತಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಇನ್ನೊಂದು ವಿಷಯ: ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದ ಪವನ್ ಹೆಚ್ಚಿನ ದಿನ ಕೂತದ್ದು ಬೆಂಚಿನ ಮೇಲೆ.

2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಪವನ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು ಅವರು ಇಡೀ ಆವೃತ್ತಿಯಿಂದ ಹೊರಬಿದ್ದರು. ತಲೈವಾಸ್ ಕಥೆ ಮುಗಿಯಿತು ಎಂದುಕೊಂಡೆವು. ಆದರೆ ನರೇಂದರ್ ಎಂಬ ಹೊಸ ಹುಡುಗ ರೈಡ್ ಮಾಡಿದ, ತಂಡ ಮೊದಲ ಬಾರಿಗೆ ಸೆಮಿಫೈನಲ್‌ಗೆ ಹೋಯಿತು. ಇತ್ತ ಬುಲ್ಸ್ ಆ ವರ್ಷ 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲ ಅವರನ್ನು ತಂದಿತ್ತು. ತಂಡವನ್ನು ಸೆಮಿಫೈನಲ್‌ಗೆ ಎಳೆದದ್ದು ಮಾತ್ರ ಹಿಂದಿನ ವರ್ಷ ಪವನ್ ನೆರಳಿನಲ್ಲಿ ಆಡುತ್ತಿದ್ದ ಭರತ್. ಅವರ ರೈಡ್ ಅಂಕ 279.

ಹಾಗಾದರೆ ಮನೆಯ ಹುಡುಗನನ್ನು ನಂಬಿದರೆ ಎಲ್ಲ ಸರಿಹೋಗುತ್ತದೆಯೇ? ಅದೂ ಅಷ್ಟು ಸುಲಭವಿಲ್ಲ. ಮರುವರ್ಷ ಭರತ್ ಮೇಲೇ ಎಲ್ಲ ಭಾರ ಬಿತ್ತು, ಆಟ ಮಂಕಾಯಿತು, ಬುಲ್ಸ್ ಎಂಟನೇ ಸ್ಥಾನಕ್ಕೆ ಇಳಿಯಿತು. 11ನೇ ಆವೃತ್ತಿಗೆ ಮತ್ತೆ ದೊಡ್ಡ ಹೆಸರಿನ ಹಿಂದೆ ಹೋದರು. ಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ ಪರ್ದೀಪ್ ನರ್ವಾಲ್ 70 ಲಕ್ಷಕ್ಕೆ ಬಂದರು, ನಾಯಕರೂ ಆದರು. ಆಗಲೇ ಬಂದದ್ದು ಆ ಎರಡು ಗೆಲುವಿನ ವರ್ಷ. ತಪ್ಪು ಪರ್ದೀಪ್ ಅವರದಲ್ಲ. ಅವರು ಔಟಾಗಿ ಕೂತಾಗ ಒಳಗೆ ಕರೆತರುವವರು ಇರಲಿಲ್ಲ.

ಈಗ ಬುಲ್ಸ್ ಮುಂದೆ ಮೂರು ದಾರಿಗಳಿವೆ. ಒಂದು, ಹರಾಜಿನಲ್ಲಿ ಕೋಟಿ ದಾಟುವ ರೈಡರ್‌ನನ್ನು ತರುವುದು. ಈ ಸಲ ಒಂದು ತಂಡಕ್ಕೆ ಖರ್ಚು ಮಾಡಲು ಇದ್ದದ್ದು ಐದು ಕೋಟಿ. ಅದರಲ್ಲಿ ಒಬ್ಬನಿಗೇ ಎರಡು ಕೋಟಿ ಹೋದರೆ ಉಳಿದ ಮೂರರಲ್ಲಿ ಇಡೀ ತಂಡ ಕಟ್ಟಬೇಕು. ಎರಡು, ಈ ಸಲ ರೈಡಿಂಗ್ ಭಾರ ಹೊತ್ತ ಇರಾನಿನ ಅಲಿರೆಜಾ ಮಿರ್ಜೈಯನ್ ಅವರನ್ನು ಹೇಗಾದರೂ ಉಳಿಸಿಕೊಳ್ಳುವುದು. ತಂಡ ಬಿಟ್ಟ ಆಟಗಾರನಿಗೆ ಹರಾಜಿನಲ್ಲಿ ಬೇರೆಯವರು ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ವಾಪಸ್ ಪಡೆಯುವ ‘ಫೈನಲ್ ಬಿಡ್ ಮ್ಯಾಚ್’ ಕಾರ್ಡ್ ಇರುವುದೇ ಇದಕ್ಕೆ. ಮೂರು, ಹರಾಜಿನ ಹೊರಗೆ ಆಯ್ಕೆ ಮಾಡಿಕೊಳ್ಳುವ ಹೊಸ ಯುವ ಆಟಗಾರರಲ್ಲಿ ಇಬ್ಬರು ಮೂವರನ್ನು ರೈಡರ್‌ಗಳಾಗಿ ಬೆಳೆಸುವುದು.

ನನ್ನ ಮತ ಎರಡನೆಯದು ಮತ್ತು ಮೂರನೆಯದನ್ನು ಸೇರಿಸಬೇಕು ಎಂಬುದು. ಇದಕ್ಕೆ ಕಾರಣ ಕೋಚ್ ಬಿ.ಸಿ. ರಮೇಶ್. ಮೊದಲ ಆವೃತ್ತಿಯಿಂದ ಇದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಜಾಗಕ್ಕೆ ಈ ಸಲ ಬಂದವರು ನಮ್ಮ ಕನ್ನಡಿಗ ರಮೇಶ್. ಅವರು ಬೇರೆ ತಂಡಗಳಿಗೆ ಎರಡು ಕಪ್ ಗೆದ್ದುಕೊಟ್ಟವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಫೈನಲ್ ತಲುಪಿದಾಗ ಲೀಡ್ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಎದುರಿಗೆ ಡೆಲ್ಲಿಯ ನವೀನ್ ಕುಮಾರ್ ಅಂಕಗಳ ಮಳೆ ಸುರಿಸುತ್ತಿದ್ದರು. ಆದರೂ ಇರಾನಿನ ನಬೀಬಕ್ಷ್ ಮತ್ತು ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ ರೈಡಿಂಗ್ ಹಂಚಿಕೊಂಡು ಬೆಂಗಾಲ್‌ಗೆ 39–34ರ ಗೆಲುವು ತಂದರು. 10ನೇ ಆವೃತ್ತಿಯಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದಾಗಲೂ ಅಷ್ಟೆ: ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಮೂವರೂ ರೈಡರ್‌ಗಳೇ. ಇವತ್ತು ಯಾರು ಬರುತ್ತಾರೆ ಎಂದು ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ.

ಈ ಸಲದ ಚಾಂಪಿಯನ್ ಡೆಲ್ಲಿಯ ಕಥೆಯೂ ಇದೇ. ನವೀನ್ ಗಾಯಗೊಂಡು ಹೊರಗಿದ್ದ ಆವೃತ್ತಿಯಲ್ಲಿ ಆಶು ಮಲಿಕ್ ಎಂಬ ಎರಡನೇ ರೈಡರ್ ಭಾರ ಹೊತ್ತು ಬೆಳೆದ. ಈ ಸಲದ ಹರಾಜಿನಲ್ಲಿ ನವೀನ್ ಹರಿಯಾಣಕ್ಕೆ ಹೋದರು, ಆಶುವನ್ನು ಡೆಲ್ಲಿ 1.90 ಕೋಟಿಗೆ ಉಳಿಸಿಕೊಂಡಿತು. ಈಗ ಅದೇ ಆಶು ನಾಯಕನಾಗಿ ಕಪ್ ಎತ್ತಿದ್ದಾರೆ. ಅಷ್ಟು ಹಣ ಕೊಟ್ಟದ್ದು ಹೆಸರಿಗಲ್ಲ, ತಾವೇ ಆಡಿಸಿ ನೋಡಿದ ಆಟಕ್ಕೆ. ಬುಲ್ಸ್‌ನಲ್ಲಿ ಯೋಗೇಶ್, ದೀಪಕ್ ಶಂಕರ್ ತರಹದ ಒಳ್ಳೆಯ ಡಿಫೆಂಡರ್‌ಗಳು ಈಗಾಗಲೇ ಇದ್ದಾರೆ. ಬೇಕಿರುವುದು ಇನ್ನೊಬ್ಬ ಪವನ್ ಅಲ್ಲ, ಒಬ್ಬ ಔಟಾದರೆ ಹೆದರದೆ ಹೋಗುವ ಇನ್ನಿಬ್ಬರು.

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಊರಿನಲ್ಲಿ ನಾನೇ ಇದಕ್ಕೆ ವಿರುದ್ಧವಾಗಿ ನಡೆದುಕೊಂಡವನು.

ಕಳೆದ ಫೆಬ್ರುವರಿಯಲ್ಲಿ ಶಿರಾಳಕೊಪ್ಪದ ಕಡೆಯ ಒಂದು ಊರಿನಲ್ಲಿ ಪಂದ್ಯಾವಳಿ ಇತ್ತು. ನಮ್ಮ ಲೀಡ್ ರೈಡರ್‌ಗೆ ಜ್ವರ. ತಂಡದ ಪಟ್ಟಿ, ದುಡ್ಡಿನ ಲೆಕ್ಕ ನನ್ನದು. ಎಲ್ಲರ ಹತ್ತಿರ ಎತ್ತಿ 3,000 ರೂಪಾಯಿ ಕೊಟ್ಟು ಹೊರಗಿನಿಂದ ಒಬ್ಬ ಗೆಸ್ಟ್ ಪ್ಲೇಯರ್ ಕರೆಸಿದೆ. ಪಿಯುಸಿ ಓದುವ ನಮ್ಮೂರ ಹುಡುಗನೊಬ್ಬ ಒಂದು ವರ್ಷದಿಂದ ರೈಡ್ ಅಭ್ಯಾಸ ಮಾಡುತ್ತಿದ್ದ. ಅವತ್ತು ಜರ್ಸಿ ಹಾಕಿಕೊಂಡು, ಮೈ ಬಿಸಿ ಮಾಡಿಕೊಂಡು ನಿಂತಿದ್ದ. ‘ಇವತ್ತು ಕೂತ್ಕೋ, ಮುಂದಿನ ಸಲ ನೋಡಾಣ’ ಎಂದೆ. ಗೆಸ್ಟ್ ಆರು ಅಂಕ ತಂದ, ಆಮೇಲೆ ಚೈನ್‌ಗೆ ಸಿಕ್ಕಿಬಿದ್ದ. ಅವನನ್ನು ಒಳಗೆ ಕರೆತರಲು ನಮ್ಮಿಂದ ಆಗಲಿಲ್ಲ. ಒಬ್ಬೊಬ್ಬರಾಗಿ ಹೋಗಿ ಆಲ್ ಔಟ್. ಸೋತ ಮೇಲೆ ಅವನು ದುಡ್ಡು ತೆಗೆದುಕೊಂಡು ಬೈಕ್ ಹತ್ತಿದ. ಹುಡುಗ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಮರುದಿನದಿಂದ ಅಭ್ಯಾಸಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಒಂದೇ ಮಾತು: ‘ಅಣ್ಣಾ, ಆಡ್ಸೋದಾದ್ರೆ ಕರಿ. ಬಾಟಲಿ ಹಿಡಿಯಾಕೆ ಕರಿಬೇಡ.’

ಇದು ಬರೀ ಒಂದು ಟ್ರೋಫಿಯ ಪ್ರಶ್ನೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಕೆಲಸ ಹುಡುಕುತ್ತಿರುವ ನಮಗೆ ಕ್ರೀಡಾ ಕೋಟಾ ಎಂದರೆ ಏನೆಂದು ಗೊತ್ತು. ರೈಲ್ವೆ, ಸೇನೆ, ಪೊಲೀಸ್ ತಂಡಗಳಲ್ಲಿ ಕಬಡ್ಡಿ ಆಡುವವರಿಗೆ ನೌಕರಿ ಇದೆ. ಕಾರ್ಕಳದ ಮಮತಾ ಪೂಜಾರಿ ಅವರಂಥವರು ಈ ಆಟದಿಂದಲೇ ರೈಲ್ವೆ ಸೇರಿ, ಅರ್ಜುನ ಪ್ರಶಸ್ತಿಯವರೆಗೆ ಹೋದರು. ಆದರೆ ಊರಿನ ಪಂದ್ಯಾವಳಿಯ ಟ್ರೋಫಿ ಅರ್ಜಿಯ ಜೊತೆ ಲಗತ್ತಿಸಲು ಬರುವುದಿಲ್ಲ. ಮಾನ್ಯತೆ ಇರುವ ರಾಜ್ಯ, ರಾಷ್ಟ್ರ ಮಟ್ಟದ ಪಂದ್ಯಗಳ, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದ ಪ್ರಮಾಣಪತ್ರವೇ ಬೇಕು. ನಮ್ಮ ತಾಲ್ಲೂಕುಗಳ ಹುಡುಗರಿಗೆ ಅದರ ದಾರಿ ಕಾಲೇಜು ತಂಡದಿಂದ ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ಮುಂದಕ್ಕೆ. ಆ ಆಯ್ಕೆಗೆ ನಿಲ್ಲಬೇಕಾದರೆ ಹುಡುಗ ಹದಿನೇಳು, ಹದಿನೆಂಟರಲ್ಲಿ ನಿಜವಾದ ಪಂದ್ಯಗಳನ್ನು ಆಡಿರಬೇಕು, ನಾಲ್ಕು ಸಲ ಸಿಕ್ಕಿಬಿದ್ದಿರಬೇಕು. ಆ ನಿಮಿಷಗಳನ್ನು ನಾವೇ ಗೆಸ್ಟ್‌ಗೆ ಮಾರುತ್ತಿದ್ದೇವೆ. ಬುಲ್ಸ್‌ನಲ್ಲಿ ಕನ್ನಡದ ಹುಡುಗರು ಏಕೆ ಕಡಿಮೆ ಎಂದು ಕೇಳುವ ಹಕ್ಕು ನಮಗಿದೆ. ಆದರೆ ನಮ್ಮೂರ ತಂಡದಲ್ಲಿ ನಮ್ಮೂರ ಹುಡುಗ ಏಕೆ ಬೆಂಚಿನ ಮೇಲಿದ್ದಾನೆ ಎಂದೂ ಕೇಳಿಕೊಳ್ಳಬೇಕಲ್ಲವೇ?

ಮೊನ್ನೆ ಸಂಜೆ ಅವನನ್ನು ಹುಡುಕಿಕೊಂಡು ಹೋದೆ. ಈಗ ಅಡಿಕೆ ಸುಗ್ಗಿ. ಪಕ್ಕದ ಕೇರಿಯ ಚಪ್ಪರದ ಕೆಳಗೆ ಹತ್ತು ಜನರ ಜೊತೆ ಕೂತು ಅಡಿಕೆ ಸುಲಿಯುತ್ತಿದ್ದ. ಮೆಟ್ಟುಗತ್ತಿಯಿಂದ ಕಣ್ಣೆತ್ತಲಿಲ್ಲ.

‘ಈ ಸಲ ಗೆಸ್ಟ್ ಯಾರಣ್ಣ?’

‘ಯಾರನ್ನೂ ಕರೆಸ್ತಿಲ್ಲ. ಆ ದುಡ್ಡಲ್ಲಿ ಮ್ಯಾಟ್ ಶೂ ತರಾಣ ಅಂತ. ಮೂರು ಜನ ರೈಡರ್, ಅದ್ರಲ್ಲಿ ನೀನೊಬ್ಬ.’

‘ಹಂಗಾದ್ರೆ ಸೋಲ್ತೀವಲ್ಲ.’

‘ಸೋಲಬಹುದು.’

ಇನ್ನೆರಡು ಅಡಿಕೆ ಸುಲಿದ. ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಕೇಳಿದ: ‘ಭಾನುವಾರ ಎಷ್ಟೊತ್ತಿಗೆ ಬರ್ಬೇಕು?’