ಸಹಾಯ ಅಲ್ಲ, ಸಾಲ. ಆದ್ರೂ ಮೊದಲ ವಾರದಲ್ಲೇ ಕೇಳಿ

ಯುಕೆ ಕನ್ನಡಿಗರ ದುಡ್ಡಿನ ಮಾತು | ಕಂತು 9

ಕೆಲಸ ಹೋದ ತಿಂಗಳು ನಮ್ಮವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಯಾರಿಗೂ ಹೇಳದೇ ಇರೋದು.

ಮೊದಲು ಉಳಿತಾಯದಿಂದ ಮಾರ್ಟ್‌ಗೇಜ್ ಕಂತು ಕಟ್ತೀವಿ. ಆಮೇಲೆ ಕ್ರೆಡಿಟ್ ಕಾರ್ಡ್. ಆಮೇಲೆ ಊರಿನ ಬಂಗಾರದ ಕಡೆ ಕಣ್ಣು ಹೋಗುತ್ತೆ. ಇದೆಲ್ಲಾ ಮುಗಿದು ಬ್ಯಾಂಕಿನ ಪತ್ರ ಬಾಗಿಲಿಗೆ ಬಂದ ಮೇಲೆ ಕೇಳ್ತೀವಿ: "ಸರ್ಕಾರದಿಂದ ಏನಾದ್ರೂ ಸಿಗುತ್ತಾ?"

ಸಿಗುತ್ತೆ. ಆದರೆ ಗಡಿಯಾರ ಶುರುವಾಗೋದು ನೀವು ಅರ್ಜಿ ಹಾಕಿದ ದಿನದಿಂದ, ಕೆಲಸ ಹೋದ ದಿನದಿಂದ ಅಲ್ಲ. ಇವತ್ತಿನ ಮಾತೆಲ್ಲಾ ಈ ಒಂದು ಸಾಲಿನ ಸುತ್ತ.

ಇದರ ಹೆಸರು ಸಪೋರ್ಟ್ ಫಾರ್ ಮಾರ್ಟ್‌ಗೇಜ್ ಇಂಟರೆಸ್ಟ್, ಚಿಕ್ಕದಾಗಿ ಎಸ್‌ಎಂಐ. ಯೂನಿವರ್ಸಲ್ ಕ್ರೆಡಿಟ್ ಪಡೀತಿರೋರಿಗೆ ಮನೆ ಸಾಲದ ಬಡ್ಡಿ ಕಟ್ಟೋಕೆ ಸಿಗೋ ನೆರವು. ಅಸಲು ಕಟ್ಟಲ್ಲ, ಬಡ್ಡಿ ಮಾತ್ರ. ದುಡ್ಡು ನಿಮ್ಮ ಕೈಗೆ ಬರಲ್ಲ, ಸಾಮಾನ್ಯವಾಗಿ ನೇರ ಬ್ಯಾಂಕಿಗೆ ಹೋಗುತ್ತೆ. ದುಡಿಯೋ ವಯಸ್ಸಿನವರಿಗೆ 2 ಲಕ್ಷ ಪೌಂಡ್‌ವರೆಗಿನ ಸಾಲಕ್ಕೆ ಬಡ್ಡಿ ಲೆಕ್ಕ ಹಾಕ್ತಾರೆ.

ಅದೂ ನಿಮ್ಮ ಬ್ಯಾಂಕಿನ ದರದಲ್ಲಿ ಅಲ್ಲ, ಸರ್ಕಾರ ನಿಗದಿ ಮಾಡಿದ ಒಂದೇ ದರದಲ್ಲಿ. ಒಂದು ಲೆಕ್ಕ ಇಟ್ಕೊಳ್ಳಿ. ನಿಮ್ಮ ಸಾಲ 1,50,000 ಪೌಂಡ್, ಬ್ಯಾಂಕಿನ ದರ ಶೇ 5. ತಿಂಗಳ ಬಡ್ಡಿ 625 ಪೌಂಡ್. ಸರ್ಕಾರದ ದರ ಶೇ 3.5 ಇದ್ದರೆ ಬರೋದು ಸುಮಾರು 437. ಉಳಿದ 188, ಮೇಲೆ ಅಸಲು, ನಿಮ್ಮ ತಲೆ ಮೇಲೆ. ಹಾಗಾಗಿ ಬ್ಯಾಂಕಿನ ಜೊತೆ ಮಾತಾಡೋದು ಹೇಗಿದ್ರೂ ತಪ್ಪಲ್ಲ. ಸ್ವಲ್ಪ ಕಾಲ ಬಡ್ಡಿ ಮಾತ್ರ ಕಟ್ತೀನಿ ಅಂತ ಕೇಳಿ. ಮೊದಲ ಕಂತು ತಪ್ಪೋಕೆ ಮುಂಚೆ ಕೇಳಿ.

ಈಗ ಕಹಿ ಮಾತು. 2018ರ ಏಪ್ರಿಲ್‌ವರೆಗೆ ಇದು ವಾಪಸ್ ಕೊಡಬೇಕಿಲ್ಲದ ಸವಲತ್ತಾಗಿತ್ತು. ಅಲ್ಲಿಂದ ಇದು ಸಾಲ. ಮನೆ ಮೇಲೆ ಸರ್ಕಾರದ ಹಕ್ಕು ಬರೆಸ್ಕೋತಾರೆ, ಬಡ್ಡಿ ಬೆಳೀತಾ ಹೋಗುತ್ತೆ, ಮನೆ ಮಾರಿದಾಗ ಅಥವಾ ಬೇರೆಯವರ ಹೆಸರಿಗೆ ಮಾಡಿದಾಗ ತೀರಿಸಬೇಕು. ಇದನ್ನ ಕೇಳಿದ ತಕ್ಷಣ ಹಲವರು "ಬೇಡಪ್ಪಾ" ಅಂತಾರೆ.

ನನ್ನ ಅಭಿಪ್ರಾಯ ಕೇಳಿದ್ರೆ, ಸಾಲ ಮಾಡಿದ್ದು ಅನ್ಯಾಯ ಅಲ್ಲ. ಬಾಡಿಗೆ ಮನೆಯಲ್ಲಿರೋರೂ ತೆರಿಗೆ ಕಟ್ತಾರೆ. ಅವರ ದುಡ್ಡಲ್ಲಿ ನನ್ನ ಆಸ್ತಿ ಉಳೀಬೇಕು, ನಾಳೆ ಅದರ ಬೆಲೆ ಏರಿದ್ರೆ ಲಾಭ ಪೂರ್ತಿ ನನಗೇ ಅಂದ್ರೆ ಹೇಗೆ? ಷರತ್ತುಗಳೂ ಅಷ್ಟೊಂದು ಕಠಿಣ ಇಲ್ಲ. ತಿಂಗಳ ಕಂತು ಇಲ್ಲ. ಮನೆ ಮಾರಿ ಬ್ಯಾಂಕಿನ ಸಾಲ ತೀರಿಸಿದ ಮೇಲೆ ಉಳಿದ ದುಡ್ಡು ಸಾಲದಿದ್ರೆ ಬಾಕಿ ಮನ್ನಾ. ಕ್ರೆಡಿಟ್ ಕಾರ್ಡಿನವರು ಹೀಗೆ ಬಿಡ್ತಾರಾ?

ಅನ್ಯಾಯ ಇರೋದು ಬೇರೆ ಕಡೆ: ಕಾಯಿಸೋದರಲ್ಲಿ. ಬಾಡಿಗೆದಾರರ ಮನೆ ಖರ್ಚನ್ನ ಮೊದಲ ತಿಂಗಳ ಲೆಕ್ಕದಲ್ಲೇ ಸೇರಿಸ್ತಾರೆ. ಸ್ವಂತ ಮನೆಯವರು ಸತತ 3 ತಿಂಗಳು ಯೂನಿವರ್ಸಲ್ ಕ್ರೆಡಿಟ್ ಪಡೆದಿರಬೇಕು. 2023ರ ಏಪ್ರಿಲ್‌ಗೆ ಮುಂಚೆ ಅದು 9 ತಿಂಗಳಾಗಿತ್ತು. ಆ ನಡುವೆ ಒಂದು ವಾರ ಅಂಗಡಿಯಲ್ಲಿ ದುಡಿದು ನಾಲ್ಕು ಕಾಸು ಸಂಪಾದಿಸಿದ್ರೂ ನೆರವು ಇಲ್ಲ ಅನ್ನೋ ನಿಯಮ ಇತ್ತು. ಅದು ಹೋಯ್ತು, ಒಳ್ಳೇದಾಯ್ತು. ಆದರೆ ವಾಪಸ್ ಬರೋ ಸಾಲ, ಅದೂ ಮನೆಯನ್ನೇ ಅಡ ಇಟ್ಕೊಂಡು ಕೊಡೋ ಸಾಲಕ್ಕೆ ಮೂರು ತಿಂಗಳು ಯಾಕೆ ಕಾಯಿಸಬೇಕು? ಮನೆಯವರು ಹಿಂದೆ ಬೀಳೋದೇ ಆ ಮೂರು ತಿಂಗಳಲ್ಲಿ. ಹಸಿದಾಗ ಅಕ್ಕಿ ಅಳೆದು ಇಟ್ಟು, ಬೀಗದ ಕೈ ಮೂರು ತಿಂಗಳು ಬಿಟ್ಟು ಕೊಡ್ತೀನಿ ಅಂದ ಹಾಗಾಯ್ತು.

ನಿಯಮ ಬದಲಾಗೋವರೆಗೆ ನಾವು ಮಾಡಬಹುದಾದ್ದು ಒಂದೇ, ಗಡಿಯಾರವನ್ನ ಬೇಗ ಶುರು ಮಾಡೋದು. ಅದಕ್ಕೆ ಮುಂಚೆ ನಾಲ್ಕು ವಿಷಯ ನೋಡ್ಕೊಳ್ಳಿ:

▪ ವೀಸಾ. ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಅನ್ನೋ ಷರತ್ತು ನಿಮ್ಮ ವೀಸಾದಲ್ಲಿದ್ರೆ ಯೂನಿವರ್ಸಲ್ ಕ್ರೆಡಿಟ್ ಕಡೆ ಹೋಗಬೇಡಿ, ಮೊದಲು ವಲಸೆ ವಕೀಲರನ್ನ ಕೇಳಿ. ಐಎಲ್‌ಆರ್ ಅಥವಾ ಬ್ರಿಟಿಷ್ ಪೌರತ್ವ ಇದ್ರೆ ಸಾಮಾನ್ಯವಾಗಿ ಈ ತೊಡಕಿಲ್ಲ.

▪ ಆಸ್ತಿ. ಗಂಡ ಹೆಂಡತಿ ಇಬ್ಬರದ್ದೂ ಸೇರಿ ಉಳಿತಾಯ 16,000 ಪೌಂಡ್ ದಾಟಿದ್ರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ. ಊರಿನ ಎಫ್‌ಡಿ, ಮೈಸೂರಿನ ಸೈಟು ಕೂಡ ಲೆಕ್ಕಕ್ಕೆ ಬರುತ್ತೆ. "ಅವರಿಗೆ ಹೇಗೆ ಗೊತ್ತಾಗುತ್ತೆ" ಅನ್ನೋ ಸಲಹೆಗಾರರನ್ನ ದೂರ ಇಡಿ.

▪ ಜೊತೆಗಾರರ ಸಂಬಳ. ಮನೆಯಲ್ಲಿ ಇನ್ನೊಬ್ಬರಿಗೆ ಒಳ್ಳೆ ಸಂಬಳ ಇದ್ರೆ ಯೂನಿವರ್ಸಲ್ ಕ್ರೆಡಿಟ್ ಸೊನ್ನೆಗೆ ಇಳೀಬಹುದು. ಆಗ ಎಸ್‌ಎಂಐ ಕೂಡ ಇಲ್ಲ.

▪ ಎರಡು ಬೇರೆ ಬೇರೆ. ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದಕ್ಕೆ ಸಿಗೋ ನ್ಯೂ ಸ್ಟೈಲ್ ಜೆಎಸ್‌ಎ ಗರಿಷ್ಠ 6 ತಿಂಗಳು ಬರುತ್ತೆ, ಅದಕ್ಕೆ ಉಳಿತಾಯ ನೋಡಲ್ಲ. ಆದರೆ ಅದೊಂದನ್ನೇ ತಗೊಂಡ್ರೆ ಮನೆ ಬಡ್ಡಿಗೆ ನೆರವು ಬರಲ್ಲ. "ಬೆನಿಫಿಟ್ ಬರ್ತಿದೆಯಲ್ಲಾ" ಅಂತ ಸುಮ್ಮನಿದ್ದು ತಿಂಗಳುಗಳನ್ನ ಕಳ್ಕೋಬೇಡಿ.

ಮೂರು ತಿಂಗಳಾದ ಮೇಲೆ ಸಾಲದ ಕಾಗದ ಬರುತ್ತೆ. ಸಹಿ ಹಾಕಲೇಬೇಕು ಅಂತೇನಿಲ್ಲ. ಅಷ್ಟರಲ್ಲಿ ಕೆಲಸ ಸಿಕ್ಕಿದ್ರೆ ದೊಡ್ಡ ನಮಸ್ಕಾರ ಹೇಳಿ ಬಿಟ್ಟುಬಿಡಿ. ಸಿಗದಿದ್ರೆ, ಮುಂಚೆ ಹಾಕಿದ ಅರ್ಜಿ ನಿಮ್ಮನ್ನ ಕಾಯುತ್ತೆ.

ನಾಲ್ಕು ಜನ ಏನಂತಾರೆ ಅನ್ನೋ ಭಯ ಇದ್ರೆ ಒಂದು ಮಾತು. ನೀವು ಕೇಳಿದ್ರೆ ಆ ನಾಲ್ಕು ಜನಕ್ಕೆ ಗೊತ್ತಾಗೋ ದಾರಿಯೇ ಇಲ್ಲ. ಮನೆ ಮುಂದೆ ಮಾರಾಟದ ಬೋರ್ಡ್ ನಿಂತರೆ ಇಡೀ ಬೀದಿಗೇ ಗೊತ್ತಾಗುತ್ತೆ.

ಕೆಲಸ ಹೋಗಿರೋ ಯಾರಾದ್ರೂ ನೆನಪಿಗೆ ಬಂದ್ರೆ ಅವರಿಗೆ ಇದನ್ನ ಇವತ್ತೇ ಕಳಿಸಿ. ಮುಂದಿನ ತಿಂಗಳು ಬೇಡ.

#ಯುಕೆಕನ್ನಡಿಗರು #ದುಡ್ಡಿನಮಾತು #ಮನೆಸಾಲ