ಈದ್ ಬಂತು, ಪಾರ್ಸೆಲ್ ಬರಲಿಲ್ಲ
ಈದ್‌ಗೆಂದು ಮಕ್ಕಳಿಗೆ ತರಿಸಿದ ಬಟ್ಟೆ ಕೈ ಸೇರಿಲ್ಲ; ಮೊಬೈಲಿನಲ್ಲಿ ನೋಡಿದರೆ ‘ತಲುಪಿಸಲಾಗಿದೆ’ ಎಂದಿದೆ. ಸಹೋದರಿ, ಮೊದಲು ನೆರೆಮನೆಯಲ್ಲಿ ವಿಚಾರಿಸಿ. ಅಲ್ಲೂ ಇಲ್ಲವೆಂದಾದರೆ ಅಂದೇ ಕಂಪೆನಿಗೆ ದೂರು ಕೊಡಿ. ಫೋನಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ, ದೂರು ಬರಹದಲ್ಲಿರಲಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವೇ (2:282) ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುತ್ತದಲ್ಲವೇ? ಆರ್ಡರ್ ಸಂಖ್ಯೆ, ಹಣ ಪಾವತಿಯ ಸಂದೇಶ, ಆ ‘ತಲುಪಿಸಲಾಗಿದೆ’ಯ ಸ್ಕ್ರೀನ್‌ಶಾಟ್ ಎಲ್ಲವನ್ನೂ ಜೋಪಾನವಾಗಿಡಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪೆನಿಯ ಕುಂದುಕೊರತೆ ಅಧಿಕಾರಿ ದೂರು ಸಿಕ್ಕಿದೆಯೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಂಪೆನಿಯ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ವಂಚಕರು ಅಲ್ಲೇ ಕಾದಿರುತ್ತಾರೆ. ಪಾರ್ಸೆಲ್ ಕೈಗೆ ಬರುವ ಮುನ್ನ ಒಟಿಪಿ ಹೇಳಲೇಬೇಡಿ, ‘ಗೇಟಿನ ಹತ್ತಿರವೇ ಇದ್ದೇನೆ ಅಕ್ಕಾ’ ಎಂದರೂ ಸರಿ.