ಇನ್ನೊಂದು ಗ್ರೀಗ್ ಯಾಕೆ ಸ್ವಾಮಿ?

ನಾನು ವಾರಾಂತ್ಯದ ಪಿಯಾನೋ ವಾದಕ. ಹೊಟ್ಟೆಪಾಡಿಗೆ ಬೇರೆ ಕೆಲಸ. ನಾನಿರುವ ಪರದೇಶದ ಸಣ್ಣ ಊರಲ್ಲಿ ನನ್ನಂಥವರದೇ ಒಂದು ಆರ್ಕೆಸ್ಟ್ರಾ ಇದೆ. ಡಾಕ್ಟರು, ಮೇಷ್ಟ್ರು, ರಿಟೈರಾದ ಪೋಸ್ಟ್‌ಮ್ಯಾನು ಎಲ್ಲ ಸೇರಿ ನುಡಿಸೋದು. ಮುಂದಿನ ಕಛೇರಿಗೆ ಯಾವ ಕಾನ್ಸರ್ಟೋ ಅಂತ ಸಮಿತಿಯವರು ಕೇಳಿದರು. ಮೆಟ್ನರ್‌ನ ಮೂರನೆಯದು ಅಂದೆ. ಎರಡು ವರ್ಷದಿಂದ ಅದಕ್ಕೇ ಬೆರಳು ಸವೆಸಿದ್ದೇನೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬರು ಮೆಲ್ಲಗೆ, ‘ಗ್ರೀಗ್ ಆಗಲ್ವಾ?’ ಅಂದರು.

ಗ್ರೀಗ್ ಮೇಲೆ ನನಗೇನೂ ಜಗಳವಿಲ್ಲ, ಚಂದದ ಕೃತಿಯೇ. ಆದ್ರೆ ಚೈಕೋವ್‌ಸ್ಕಿಯ ಒಂದನೆಯದು, ರಾಖ್ಮನಿನೋವ್‌ನ ಎರಡನೆಯದು, ಗ್ರೀಗ್‌ನ ಇರೋದೊಂದು, ಇವನ್ನೇ ತಿರುತಿರುಗಿ ಬಡಿಸ್ತಾ ‘ಜನಕ್ಕೆ ಇದೇ ಬೇಕು’ ಅಂತಾರಲ್ಲ, ನನ್ನ ಸಿಟ್ಟು ಅದರ ಮೇಲೆ. ಎಲೆಗೆ ಹಾಕದ ಪಲ್ಯವನ್ನ ಜನ ಬೇಡ ಅಂದ್ರು ಅಂತ ಯಾರಾದ್ರೂ ಹೇಳ್ತಾರಾ?

‘ಒಳ್ಳೇದಾಗಿದ್ರೆ ಇಷ್ಟೊತ್ತಿಗೆ ಪ್ರಸಿದ್ಧಿ ಆಗಿರ್ತಿತ್ತು’ ಅನ್ನೋದು ಇನ್ನೊಂದು ವಾದ. ಚೈಕೋವ್‌ಸ್ಕಿ ಆ ಕಾನ್ಸರ್ಟೋವನ್ನು 1874ರ ಕೊನೆಗೆ ನಿಕೊಲಾಯ್ ರೂಬಿನ್‌ಸ್ಟೈನ್ ಎದುರು ನುಡಿಸಿ ತೋರಿಸಿದಾಗ ಆ ಮಹಾಶಯ ಹಿಗ್ಗಾಮುಗ್ಗಾ ಬೈದಿದ್ದ. ಮಾರನೇ ವರ್ಷ ದೂರದ ಬಾಸ್ಟನ್‌ನಲ್ಲಿ ಹಾನ್ಸ್ ಫಾನ್ ಬ್ಯೂಲೋ ಅದನ್ನು ನುಡಿಸಿದ. ಆಮೇಲೆ ರೂಬಿನ್‌ಸ್ಟೈನನೇ ಮನಸ್ಸು ಬದಲಿಸಿದ. ಬ್ಯೂಲೋ ಕೂಡ ‘ಯಾರೂ ಕೇಳಿಲ್ಲ, ಬಿಡ್ರೀ’ ಅಂದಿದ್ರೆ?

ಮೆಟ್ನರ್ ವಿಷಯಕ್ಕೆ ಬನ್ನಿ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, ಕಡೆಗೆ ಲಂಡನ್ ಸೇರಿದವನು. ರಾಖ್ಮನಿನೋವ್ ತನ್ನ ನಾಲ್ಕನೇ ಕಾನ್ಸರ್ಟೋ ಅರ್ಪಿಸಿದ್ದು ಇವನಿಗೆ. ಇವನು ತನ್ನ ಎರಡನೆಯದನ್ನು ಅರ್ಪಿಸಿದ್ದು ಅವನಿಗೆ. ಮೂರನೆಯದನ್ನು ಯುದ್ಧದ ನಡುವೆ, ಹೃದಯಾಘಾತದಿಂದ ಚೇತರಿಸಿಕೊಳ್ತಾ ಮುಗಿಸಿ, 1944ರಲ್ಲಿ ಲಂಡನ್ನಿನಲ್ಲಿ ತಾನೇ ನುಡಿಸಿದ. ಅದರ ಅರ್ಪಣೆ ಯಾರಿಗೆ ಗೊತ್ತಾ? ಮೈಸೂರು ಮಹಾರಾಜರಿಗೆ! ನಮ್ಮ ಜಯಚಾಮರಾಜ ಒಡೆಯರಿಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. ಅವರು ಕೊಟ್ಟ ಹಣದಿಂದಲೇ ಮೆಟ್ನರ್ ಸೊಸೈಟಿ ಹುಟ್ಟಿದ್ದು, ಕಾಯಿಲೆಯ ಮುದುಕ 1947ರಲ್ಲಿ ತನ್ನ ಮೂರೂ ಕಾನ್ಸರ್ಟೋಗಳನ್ನು ಗ್ರಾಮಫೋನ್ ಪ್ಲೇಟಿಗೆ ನುಡಿಸಿದ್ದು. 1951ರಲ್ಲಿ ತೀರಿಕೊಂಡ.

ನಾನು ಮೈಸೂರಲ್ಲೇ ಬೆಳೆದೋನು. ಒಡೆಯರ ಕೀರ್ತನೆಗಳನ್ನ ಅಜ್ಜಿ ಮನೇಲಿ ಕೇಳಿದ್ದೆ. ಈ ಸಂಗತಿ ಗೊತ್ತಾಗಿದ್ದು ಮಾತ್ರ ಇಲ್ಲಿಗೆ ಬಂದಮೇಲೆ, ಇಲ್ಲಿನ ಪಿಯಾನೋ ಮೇಷ್ಟ್ರಿಂದ. ನಿಮ್ಮೂರಿನವರಲ್ವೇನಯ್ಯಾ ಅಂತ ಅವರು ಕೇಳಿದಾಗ ನಾಚಿಕೆ ಆಯ್ತು.

ಸಮಿತಿಯವರ ಕಷ್ಟ ಸುಳ್ಳಲ್ಲ. ಗ್ರೀಗ್ ಆದ್ರೆ ಪಿಟೀಲಿನವರಿಗೆ ಅರ್ಧ ಬಾಯಿಪಾಠ. ಇದು ಸುಮಾರು ಮೂವತ್ತೈದು ನಿಮಿಷದ ಹೊಸ ದಾರಿ, ಭಾಗಗಳ ನಡುವೆ ನಿಲುಗಡೆ ಬೇರೆ ಇಲ್ಲ. ಎರಡು ತಾಲೀಮು ಹೆಚ್ಚು ಬೇಕು, ಅಂದ್ರೆ ಹಾಲ್ ಬಾಡಿಗೆ. ಅದನ್ನ ನನ್ನ ಜೇಬಿಂದ ಕೊಡ್ತೀನಿ ಅಂದಿದ್ದೇನೆ. ಅಪರೂಪದ್ದೆಲ್ಲ ಅಪರಂಜಿ ಅಂತಾನೂ ನಾನು ವಾದಿಸಲ್ಲ. ಧೂಳು ತಿನ್ನೋಕೇ ಲಾಯಕ್ಕಾದ ಕಾನ್ಸರ್ಟೋಗಳು ಬೇಕಾದಷ್ಟಿವೆ. ಒಂದೆರಡನ್ನು ನಾನೇ ಕಲಿತು ಕೈಬಿಟ್ಟಿದ್ದೇನೆ. ಇದನ್ನ ಬಿಡಕ್ಕಾಗ್ಲಿಲ್ಲ, ಅಷ್ಟೇ.

ಮುಂದಿನ ಮಂಗಳವಾರ ಸಮಿತಿ ಮತ್ತೆ ಸೇರುತ್ತೆ. ಗ್ರೀಗೇ ಅಂತಾದ್ರೆ ನುಡಿಸೋಕೆ ಬೇರೆಯವರನ್ನ ಹುಡುಕಿಕೊಳ್ಳಿ ಅಂತ ಹೇಳಿ ಬಂದಿದ್ದೀನಿ.